ಬ್ರೇಕ್ ಡಬ್ಬಿಗೆ ಏನು ಸುರಿಯುತ್ತಿದ್ದಾರೆ ಎಂದು ನಿಂತು ನೋಡಿ

ಕಾರನ್ನು ಸರ್ವಿಸ್‌ಗೆ ಬಿಡುವ ಎಲ್ಲರಲ್ಲೂ ನನ್ನದೊಂದು ವಿನಂತಿ ಇದೆ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದವರು ಅದಕ್ಕೆ ಏನನ್ನಾದರೂ ಸುರಿಯುವ ಮೊದಲು, ಅವರ ಕೈಯಲ್ಲಿರುವ ಕ್ಯಾನಿನ ಮೇಲೆ ಏನು ಬರೆದಿದೆ ಎಂಬುದನ್ನು ನೀವೇ ಓದಿ. ಬೆಂಗಳೂರಿನ ದಕ್ಷಿಣ ಭಾಗದ ಒಂದು ಗ್ಯಾರೇಜಿನಲ್ಲಿ ನನ್ನ ಕಾರಿನ ಬ್ರೇಕ್ ಡಬ್ಬಿಗೆ ಪವರ್ ಸ್ಟಿಯರಿಂಗ್‌ಗೆ ಹಾಕುವ ಎಣ್ಣೆಯನ್ನು ಸುರಿದರು. ಸುರಿದದ್ದು ಒಂದು ಲೋಟದಷ್ಟೂ ಇರಲಿಕ್ಕಿಲ್ಲ. ಅಷ್ಟಕ್ಕೇ ಬ್ರೇಕ್ ವ್ಯವಸ್ಥೆಯ ರಬ್ಬರ್ ಭಾಗಗಳೆಲ್ಲ ಹಾಳಾದವು, ಮತ್ತು ಹೊರವರ್ತುಲ ರಸ್ತೆಯಲ್ಲಿ ಚಕ್ರಗಳು ತಾವಾಗಿಯೇ ಬಿಗಿದುಕೊಂಡು ಕಾರು ನಿಂತಿತು. ಆ ಗ್ಯಾರೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇಂಥ ತಪ್ಪು ಯಾವ ಗ್ಯಾರೇಜಿನಲ್ಲಾದರೂ ನಡೆಯಬಹುದು. ಅದು ಹೇಗೆ ನಡೆಯುತ್ತದೆ, ಅದನ್ನು ಬೇಗ ಗುರುತಿಸುವುದು ಹೇಗೆ ಎಂಬುದನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ತಿರುವುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಮಿನುಗಿ ಆರುತ್ತಿತ್ತು. ಹ್ಯಾಂಡ್ ಬ್ರೇಕ್ ಎಳೆದಿರದಿದ್ದರೂ ಆ ದೀಪ ಹೊತ್ತಿತೆಂದರೆ ಬಹುಮಟ್ಟಿಗೆ ಡಬ್ಬಿಯಲ್ಲಿ ದ್ರವದ ಮಟ್ಟ ಇಳಿದಿದೆ ಎಂದೇ ಅರ್ಥ. ಕಾರನ್ನು ಗ್ಯಾರೇಜಿಗೆ ಒಯ್ದು, ಬ್ರೇಕನ್ನು ಪೂರ್ತಿ ಬಿಚ್ಚಿ ನೋಡಬೇಕೆಂದು ಹೇಳಿ ಬಿಟ್ಟುಬಂದೆ. ಸಂಜೆ ಕೊಟ್ಟ ಬಿಲ್ಲಿನಲ್ಲಿ ‘ಬ್ರೇಕ್ ಸರ್ವಿಸ್, ಆಯಿಲ್ ಟಾಪ್ ಅಪ್, ಹ್ಯಾಂಡ್ ಬ್ರೇಕ್ ಅಡ್ಜಸ್ಟ್’ ಎಂದಿತ್ತು. ದೀಪವೂ ಆರಿತ್ತು. ಆದರೆ ಚಕ್ರಗಳನ್ನು ಕಳಚಿರಲೇ ಇಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಬ್ರೇಕ್ ಆಯಿಲ್ ಎಂದು ಕರೆಯುವ ಬ್ರೇಕ್ ದ್ರವ ಎಂಜಿನ್ ಆಯಿಲ್‌ನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡವನ್ನು ಅದು ಪೈಪುಗಳ ಮೂಲಕ ನಾಲ್ಕೂ ಚಕ್ರಗಳಿಗೆ ಮುಟ್ಟಿಸುತ್ತದೆ, ಕಾಲು ತೆಗೆದಾಗ ಹಿಂದಿರುಗುತ್ತದೆ. ಡಬ್ಬಿಯಲ್ಲಿ ಮಟ್ಟ ಇಳಿಯಲು ಸಾಮಾನ್ಯವಾಗಿ ಎರಡೇ ಕಾರಣಗಳು. ಒಂದು, ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್‌ಗಳು ಸವೆದಿರುತ್ತವೆ. ಸವೆದಷ್ಟೂ, ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಗೆ ಸರಿದು, ಅದರ ಹಿಂದಿನ ಜಾಗವನ್ನು ದ್ರವ ತುಂಬಿಕೊಳ್ಳುತ್ತದೆ. ಇನ್ನೊಂದು, ಎಲ್ಲೋ ಸೋರುತ್ತಿರುತ್ತದೆ. ಆದ್ದರಿಂದ ಮಟ್ಟ ಇಳಿದ ಕಾರಣ ಹುಡುಕದೆ ಮೇಲಿಂದ ತುಂಬಿಸಿದರೆ, ದೀಪ ಕೊಟ್ಟ ಎಚ್ಚರಿಕೆಯ ಬಾಯಿ ಮುಚ್ಚಿಸಿದಂತೆಯೇ ಆಗುತ್ತದೆ. ಸರಿಯಾದ ದ್ರವವನ್ನೇ ತುಂಬಿದ್ದರೂ ನಾನು ಇದನ್ನು ತಪ್ಪು ಕೆಲಸವೆಂದೇ ಹೇಳುತ್ತಿದ್ದೆ. ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಈ ಹೆಚ್ಚುವರಿ ದ್ರವ ಡಬ್ಬಿಯಿಂದ ಉಕ್ಕುತ್ತದೆ, ಉಕ್ಕಿದ್ದು ತಾಕಿದಲ್ಲೆಲ್ಲ ಬಣ್ಣ ಕಿತ್ತುಬರುತ್ತದೆ.

ಕೆಲವೇ ದಿನಗಳಲ್ಲಿ ಪೆಡಲ್ ಬದಲಾಯಿತು. ಮೊದಲೆಲ್ಲ ಸ್ವಲ್ಪ ಕೆಳಗಿಳಿದ ಮೇಲೆ ಹಿಡಿಯುತ್ತಿದ್ದ ಬ್ರೇಕ್ ಈಗ ಕಾಲು ಇಟ್ಟ ಕೂಡಲೇ ಹಿಡಿಯತೊಡಗಿತು, ಪೆಡಲ್ ಗಟ್ಟಿಯಾಗಿ ಮೇಲೆಯೇ ನಿಂತಿತು. ಬ್ರೇಕ್ ಚುರುಕಾಗಿದೆ ಎಂದೇ ಯಾರಿಗಾದರೂ ಅನಿಸುವ ಲಕ್ಷಣ ಇದು, ಅಪಾಯ ಇರುವುದೂ ಅಲ್ಲಿಯೇ. ಆಕ್ಸಿಲರೇಟರ್ ಬಿಟ್ಟರೆ ಕಾರು ಹಗುರಾಗಿ ಉರುಳುತ್ತಿರಲಿಲ್ಲ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಧಾನವಾಗುತ್ತಿತ್ತು. ಗ್ಯಾರೇಜಿಗೆ ಫೋನ್ ಮಾಡಿ ಕೇಳಿದರೆ, ‘ಹೊಸದಾಗಿ ಟೈಟ್ ಮಾಡಿದ್ದೀವಿ ಸಾರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ’ ಎಂಬ ಉತ್ತರ ಬಂತು.

ಸೆಟ್ ಆಗಲಿಲ್ಲ. ಬನಶಂಕರಿಯಿಂದ ಹೆಬ್ಬಾಳದ ಕಡೆಗೆ ಹೋಗುವಾಗ ಸಿಲ್ಕ್ ಬೋರ್ಡ್‌ನಿಂದ ಮಾರತ್‌ಹಳ್ಳಿಯವರೆಗಿನ ದಟ್ಟಣೆಯಲ್ಲಿ ಬ್ರೇಕನ್ನು ಮತ್ತೆ ಮತ್ತೆ ಒತ್ತಬೇಕಾಯಿತು. ಒತ್ತಿದಷ್ಟೂ ಕಾರು ಭಾರವಾಗುತ್ತಾ ಹೋಯಿತು. ನಾಗವಾರ ದಾಟುವ ಹೊತ್ತಿಗೆ ಮೊದಲ ಗೇರಿನಲ್ಲೂ ಎಂಜಿನ್ ಏದುಸಿರು ಬಿಡುತ್ತಿತ್ತು, ಸುಟ್ಟ ಪ್ಯಾಡಿನ ಘಾಟು ಕಾರಿನೊಳಗೇ ಬಂತು. ಹೇಗೋ ಸರ್ವಿಸ್ ರಸ್ತೆಗೆ ತಿರುಗಿಸಿ ನಿಲ್ಲಿಸಿ ಇಳಿದಾಗ ಮುಂದಿನ ಎರಡೂ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಈ ಮಟ್ಟದ ಬಿಸಿಯಲ್ಲಿ ಕ್ಯಾಲಿಪರಿನೊಳಗಿನ ದ್ರವ ಕುದಿಯಲೂಬಹುದು, ಕುದಿದು ಆವಿಯಾದರೆ ಅದೇ ಪೆಡಲ್ ಒಂದೇ ಕ್ಷಣದಲ್ಲಿ ನೆಲಕ್ಕೆ ಇಳಿಯುತ್ತದೆ. ನಂದಿ ಬೆಟ್ಟದ ತಿರುವುಗಳಲ್ಲಿ ಇಳಿಯುವಾಗ ಹೀಗಾಗಿದ್ದರೆ ಏನು ಗತಿ ಎಂದು ಯೋಚಿಸಲು ಈಗಲೂ ಭಯವಾಗುತ್ತದೆ.

ಕಾರನ್ನು ಟೋ ಮಾಡಿಸಿ ಬೇರೊಬ್ಬ ಹಿರಿಯ ಮೆಕ್ಯಾನಿಕ್ ಬಳಿಗೆ ಕಳಿಸಿದೆ. ಅವರು ಪರೀಕ್ಷಿಸಿದ ರೀತಿಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ತಪಾಸಣೆ ಎಂದರೆ ಏನೆಂದು ನಾನು ಕಂಡದ್ದು ಅಲ್ಲಿ. ಜಾಕ್ ಮೇಲಿದ್ದ ಕಾರಿನ ಮುಂದಿನ ಚಕ್ರವನ್ನು ಎರಡೂ ಕೈಯಿಂದ ತಿರುಗಿಸಲು ನೋಡಿದರು, ಅಲುಗಲಿಲ್ಲ. ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಲೋಹದ ಪೈಪಿನ ನಟ್ಟನ್ನು ಬಟ್ಟೆ ಹಿಡಿದು ಸ್ವಲ್ಪ ಸಡಿಲಿಸಿದರು. ಒಂದಿಷ್ಟು ದ್ರವ ಚಿಮ್ಮಿತು, ಮರುಕ್ಷಣವೇ ಚಕ್ರ ಸಲೀಸಾಗಿ ತಿರುಗಿತು. ದೋಷ ಕ್ಯಾಲಿಪರಿನ ಪಿಸ್ಟನ್ ಸಿಕ್ಕಿಹಾಕಿಕೊಂಡದ್ದರಲ್ಲಿ ಇದ್ದಿದ್ದರೆ ಅಲ್ಲಿ ನಟ್ಟು ಸಡಿಲಿಸಿದ ಮಾತ್ರಕ್ಕೆ ಚಕ್ರ ಬಿಡುತ್ತಿರಲಿಲ್ಲ. ಒತ್ತಡ ಮಾಸ್ಟರ್ ಸಿಲಿಂಡರಿನಲ್ಲೇ ಬಂಧಿಯಾಗಿದೆ ಎಂಬುದು ಅದರಿಂದ ತಿಳಿಯಿತು.

ಆಮೇಲೆ ಅವರು ಡಬ್ಬಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ಮುಚ್ಚಳದ ಒಳಗಿರುವ ರಬ್ಬರ್ ಪದರ ಉಬ್ಬಿ, ಅಂಚೆಲ್ಲ ಅಲೆಅಲೆಯಾಗಿ, ಬೆರಳಿಗೆ ಮೆತ್ತಗೆ ಜಾರುವಂತಿತ್ತು. ಅದನ್ನು ಮತ್ತೆ ಅದರ ಜಾಗಕ್ಕೆ ಕೂರಿಸಲು ಹೋದರೆ ಕೂರಲೇ ಇಲ್ಲ, ಅಳತೆಯೇ ದೊಡ್ಡದಾಗಿತ್ತು. ಸಿರಿಂಜಿನಲ್ಲಿ ಡಬ್ಬಿಯಿಂದ ಸ್ವಲ್ಪ ದ್ರವ ಎಳೆದು ನೀರಿದ್ದ ಗಾಜಿನ ಲೋಟಕ್ಕೆ ಬಿಟ್ಟರು. ಬ್ರೇಕ್ ದ್ರವ ಮಾತ್ರ ಇದ್ದಿದ್ದರೆ ನೀರಿನಲ್ಲಿ ಕರಗಿ ಒಂದಾಗಬೇಕಿತ್ತು. ಇಲ್ಲಿ ಸಾರಿನ ಮೇಲೆ ತೇಲುವ ಒಗ್ಗರಣೆ ಎಣ್ಣೆಯಂತೆ ಕೆಂಪು ಛಾಯೆಯ ಹನಿಗಳು ಮೇಲೆ ಬಂದು ನಿಂತವು. ಪವರ್ ಸ್ಟಿಯರಿಂಗ್‌ಗೆ ಬಳಸುವ ಎಣ್ಣೆಗೆ ಸಾಮಾನ್ಯವಾಗಿ ಈ ಕೆಂಪು ಬಣ್ಣ ಇರುತ್ತದೆ. ಉಬ್ಬಿದ ರಬ್ಬರ್ ಮತ್ತು ನೀರಿನ ಲೋಟ ಎರಡನ್ನೂ ನೋಡಿದ ಮೇಲೆ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಕಾರಣ ಹೀಗಿದೆ. ನಮ್ಮ ಕಾರುಗಳಲ್ಲಿ ಬಳಕೆಯಲ್ಲಿರುವ ಡಾಟ್ 3 ಮತ್ತು ಡಾಟ್ 4 ದರ್ಜೆಯ ಬ್ರೇಕ್ ದ್ರವಗಳು ಗ್ಲೈಕಾಲ್ ಈಥರ್ ಆಧಾರಿತ ರಾಸಾಯನಿಕಗಳು. ಅವುಗಳಿಗೆ ಒಗ್ಗುವ ಇಪಿಡಿಎಂ ಎಂಬ ರಬ್ಬರಿನಿಂದಲೇ ದ್ರವ ಸೋರದಂತೆ ತಡೆಯುವ ಬ್ರೇಕಿನ ಸೀಲುಗಳನ್ನು ಮಾಡಿರುತ್ತಾರೆ. ಈ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ವಿಷವಿದ್ದಂತೆ. ಪವರ್ ಸ್ಟಿಯರಿಂಗ್ ಎಣ್ಣೆ ಇರಲಿ, ಎಂಜಿನ್ ಆಯಿಲ್ ಇರಲಿ, ಗೇರ್ ಆಯಿಲ್ ಇರಲಿ, ಸಾಮಾನ್ಯ ಗ್ರೀಸ್ ಇರಲಿ, ತಾಕಿದರೆ ರಬ್ಬರ್ ಎಣ್ಣೆಯನ್ನು ಹೀರಿ ಊದಿಕೊಳ್ಳುತ್ತದೆ. ಮಾಸ್ಟರ್ ಸಿಲಿಂಡರಿನ ಗೋಡೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದಿರುತ್ತದೆ. ಪೆಡಲ್ ಬಿಟ್ಟಾಗ ದ್ರವ ಆ ರಂಧ್ರದ ಮೂಲಕ ಡಬ್ಬಿಗೆ ಮರಳಿ ಒತ್ತಡ ಇಳಿಯುತ್ತದೆ. ಒಳಗಿನ ಬಟ್ಟಲಿನಾಕಾರದ ರಬ್ಬರ್ ಸೀಲು, ಅಂದರೆ ‘ಕಪ್’, ಊದಿ ಆ ರಂಧ್ರವನ್ನು ಮುಚ್ಚಿಬಿಟ್ಟರೆ ಪೈಪಿಗೆ ಹೋದ ದ್ರವ ಹಿಂದಿರುಗುವುದಿಲ್ಲ, ಪ್ಯಾಡ್ ಡಿಸ್ಕನ್ನು ಬಿಡುವುದಿಲ್ಲ. ಉಜ್ಜಾಟದಿಂದ ಬಿಸಿ ಏರುತ್ತದೆ, ಬಿಸಿಗೆ ದ್ರವ ಹಿಗ್ಗುತ್ತದೆ, ಹಿಗ್ಗಿದ ದ್ರವ ಪ್ಯಾಡನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಚಾಲಕ ಕಾಲು ತೆಗೆದಿದ್ದರೂ ಕಾರು ತನ್ನನ್ನೇ ಹಿಡಿದುಕೊಳ್ಳುವುದು ಹೀಗೆ.

ರಿಪೇರಿಯ ವಿಷಯದಲ್ಲಿ ಆ ಹಿರಿಯರು ಯಾವ ರಾಜಿಗೂ ಒಪ್ಪಲಿಲ್ಲ, ಅದು ಸರಿಯೂ ಹೌದು. ಕೆಟ್ಟ ದ್ರವ ಹೊರಹಾಕಿ ಹೊಸದು ತುಂಬಿಸಿದರೆ ಸಾಲದು, ರಬ್ಬರ್ ಹೀರಿಕೊಂಡ ಎಣ್ಣೆ ಹೊರಬರುವುದಿಲ್ಲ. ಮಾಸ್ಟರ್ ಸಿಲಿಂಡರ್, ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರುಗಳು, ಕ್ಯಾಲಿಪರ್ ಸೀಲುಗಳು, ಹೋಸ್ ಪೈಪುಗಳು, ಡಬ್ಬಿ, ಎಲ್ಲವನ್ನೂ ಹೊಸದಾಗಿ ತರಬೇಕಾಯಿತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬಹುತೇಕ ಸಿಕ್ಕವು. ಲೋಹದ ಪೈಪುಗಳನ್ನು ಆಲ್ಕೋಹಾಲ್‌ನಿಂದ ತೊಳೆದರು. ನನ್ನದು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಕಾರು. ಎಬಿಎಸ್ ಇರುವ ಕಾರಾದರೆ ಅದರ ಕವಾಟಗಳಿರುವ ಘಟಕಕ್ಕೂ ಎಣ್ಣೆ ಹೊಕ್ಕಿರುತ್ತದೆ, ಖರ್ಚು ಎಲ್ಲಿಗೋ ಹೋಗಿ ನಿಲ್ಲುತ್ತದೆ.

ಡ್ರಮ್ ಬಿಚ್ಚಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಒಳಗಿನಿಂದ ಡ್ರಮ್ಮನ್ನು ಒತ್ತಿ ಹಿಡಿಯುವ ಶೂಗಳು ಸವೆದಿದ್ದರೂ ಅವನ್ನು ಮುಟ್ಟದೆ, ಕೇಬಲ್ಲನ್ನು ಮಾತ್ರ ಬಿಗಿದು ಹ್ಯಾಂಡ್ ಬ್ರೇಕ್ ‘ಅಡ್ಜಸ್ಟ್’ ಮಾಡಿದ್ದರು. ಕ್ರಮ ತಿರುಗುಮುರುಗಾಗಿತ್ತು. ಮೊದಲು ಶೂ ಮತ್ತು ಡ್ರಮ್ ನಡುವಿನ ಅಂತರವನ್ನು ಸರಿಪಡಿಸಬೇಕು, ಕೇಬಲ್ ಆಮೇಲೆ. ಕೇಬಲ್ ಸದಾ ಎಳೆದಂತಿದ್ದರೆ ಅಂತರವನ್ನು ತಾನಾಗಿ ಸರಿಪಡಿಸಿಕೊಳ್ಳುವ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಬ್ರೇಕ್ ಪೈಪುಗಳೊಳಗೆ ಸೇರಿದ ಗಾಳಿ ತೆಗೆಯುವ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದೆ. ನಮ್ಮಲ್ಲಿ ಮಾಸ್ಟರ್ ಸಿಲಿಂಡರ್ ಬಲಗಡೆ ಇರುವುದರಿಂದ ಅತಿ ದೂರದ ಹಿಂದಿನ ಎಡಚಕ್ರದಿಂದ ಶುರುಮಾಡಿದರು. ಕೆಲವು ಕಾರುಗಳಿಗೆ ಬೇರೆ ಕ್ರಮವಿರುತ್ತದೆ, ತಯಾರಕರ ಕೈಪಿಡಿ ಹೇಳಿದ್ದೇ ಅಂತಿಮ. ಚಕ್ರದ ಬಳಿ ಗಾಳಿ ಹೊರಬಿಡಲು ಇರುವ ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ದ್ರವವಿದ್ದ ಬಾಟಲಿಯಲ್ಲಿ ಮುಳುಗಿಸಿದ್ದರು. ಒಳಗೆ ಕುಳಿತವನು ಪೆಡಲ್ ಒತ್ತಿ ಹಿಡಿದು ‘ಹೂಂ’ ಎಂದಾಗ ನಿಪ್ಪಲ್ ತೆರೆಯುವುದು, ಮುಚ್ಚಿದ ಮೇಲೆಯೇ ಅವನು ಕಾಲು ಎತ್ತುವುದು. ಈ ಕ್ರಮ ತಪ್ಪಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಡಬ್ಬಿ ಒಮ್ಮೆಯೂ ಬರಿದಾಗದಂತೆ ನೋಡಿಕೊಂಡರು, ಮತ್ತು ಪ್ರತಿಸಲವೂ ಸೀಲ್ ಒಡೆಯದ ಹೊಸ ಕ್ಯಾನನ್ನೇ ನನ್ನೆದುರು ತೆರೆದರು.

ಸೀಲ್ ಒಡೆದು ಇಟ್ಟಿದ್ದ ಕ್ಯಾನ್ ಬೇಡ ಎನ್ನುವುದಕ್ಕೆ ಗಟ್ಟಿಯಾದ ಕಾರಣವಿದೆ. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಹೊಸದಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇ. 3.7ರಷ್ಟು ನೀರು ಸೇರಿದರೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಬಹಳಷ್ಟು ತಯಾರಕರು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲು ಹೇಳುವುದು ಇದಕ್ಕಾಗಿಯೇ. ಯಾವ ದರ್ಜೆ ಬೇಕೆಂಬುದು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಡಾಟ್ 5 ಎಂಬುದು ಸಿಲಿಕೋನ್ ಆಧಾರಿತ, ಅದನ್ನು ಇವುಗಳೊಂದಿಗೆ ಬೆರೆಸಬಾರದು, ಡಾಟ್ 5.1 ಹೆಸರಿನಲ್ಲಿ ಹತ್ತಿರವಿದ್ದರೂ ಗ್ಲೈಕಾಲ್ ಜಾತಿಗೆ ಸೇರಿದ್ದು.

ಗ್ಯಾರೇಜಿನ ಗೇಟು ದಾಟುವ ಮೊದಲು ಮಾಡಬಹುದಾದ ಪರೀಕ್ಷೆಗಳಿವೆ. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಎಂಜಿನ್ ಶುರುಮಾಡಿದರೆ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿದರೆ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಸರಿಯಿದೆ. ಹಾಗೆಯೇ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ನೆಲದತ್ತ ಜಾರುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ, ಹೊರಗೆ ಎಲ್ಲೂ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್‌ಗಳ ಮೇಲೆ ಅನುಮಾನ ಪಡಬೇಕು. ಒಂದಷ್ಟು ದೂರ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಕೈಯನ್ನು ಮುಟ್ಟಿಸದೆ ಹಿಡಿದು ನೋಡಿ. ಮುಂದಿನವು ಹಿಂದಿನವಕ್ಕಿಂತ ಬಿಸಿಯಾಗಿರುವುದು ಸಹಜ; ಎಡಬಲಗಳಲ್ಲಿ ವ್ಯತ್ಯಾಸವಿದ್ದರೆ ಅಥವಾ ಬಿಸಿ ಮುಖಕ್ಕೆ ರಾಚುವಂತಿದ್ದರೆ ಅಲ್ಲಿಯೇ ಕೇಳಿ.

ಮೊದಲ ಗ್ಯಾರೇಜಿನವರು ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಹಾಗಾಗಿ ಬಿಲ್ಲು, ಹಳೆಯ ಬಿಡಿಭಾಗಗಳು, ಡಬ್ಬಿಯಿಂದ ತೆಗೆದ ದ್ರವದ ಮಾದರಿ, ಫೋಟೋಗಳು ಮತ್ತು ಎರಡನೆಯ ಮೆಕ್ಯಾನಿಕ್ ಬರೆದುಕೊಟ್ಟ ವರದಿಯನ್ನು ಜೋಪಾನ ಮಾಡಿ ದೂರು ಕೊಟ್ಟಿದ್ದೇನೆ. ಸೇವೆಯ ಲೋಪಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಬದಲಿಸಿದ ಹಳೆಯ ಭಾಗಗಳನ್ನು ಗ್ಯಾರೇಜಿನಲ್ಲಿ ಬಿಟ್ಟುಬರಬೇಡಿ, ಅವು ಕಸದ ಬುಟ್ಟಿಗೆ ಹೋದರೆ ಪುರಾವೆಯೂ ಹೋಗುತ್ತದೆ.

ಇದನ್ನು ಓದುವ ಹೊತ್ತಿಗೆ ನಿಮ್ಮ ಕಾರಿನಲ್ಲಿ ತಪ್ಪು ಎಣ್ಣೆ ಬಿದ್ದಿದೆ ಎಂಬ ಸಂಶಯವಿದ್ದರೆ ಮುಚ್ಚಳ ತೆಗೆದು ರಬ್ಬರ್ ಪದರವನ್ನು ನೋಡಿ, ಡಬ್ಬಿಯ ದ್ರವದ ಒಂದೆರಡು ಹನಿಗಳನ್ನು ನೀರಿಗೆ ಬಿಟ್ಟು ನೋಡಿ. ಸುರಿದ ಕೂಡಲೇ ಗೊತ್ತಾದರೆ ಪೆಡಲನ್ನು ಒಮ್ಮೆಯೂ ಒತ್ತಬೇಡಿ, ಕಾರು ಇದ್ದಲ್ಲೇ ಇರಲಿ, ಮೆಕ್ಯಾನಿಕ್‌ನನ್ನೇ ಅಲ್ಲಿಗೆ ಕರೆಸಿ. ಎಣ್ಣೆ ಇನ್ನೂ ಡಬ್ಬಿಯಲ್ಲೇ ನಿಂತಿದ್ದರೆ ಡಬ್ಬಿಯನ್ನು ಕಳಚಿ ಬದಲಿಸಿ ಹಾನಿಯನ್ನು ಅಲ್ಲಿಗೇ ತಡೆಯುವ ಸಾಧ್ಯತೆ ಇದೆ. ಈಗಾಗಲೇ ಓಡಿಸಿದ್ದರೆ, ಬ್ರೇಕ್ ಎಷ್ಟೇ ಚೆನ್ನಾಗಿ ಹಿಡಿಯುತ್ತಿದ್ದರೂ ಗ್ಯಾರೇಜಿನ ತನಕ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ.