ಮುಟ್ಟು ನಿಲ್ಲೋ ವಯಸ್ಸಿಗೆ ಯಾವ್ದು ಒಳ್ಳೇದು: ಕೆರೆ ವಾಕಿಂಗಾ, ಬೆಟ್ಟದ ಮೆಟ್ಟಿಲಾ, ಯೋಗನಾ, ಜಿಮ್ಮಾ?

ಐವತ್ತರ ಹತ್ರ ಬಂದಿರೋ ನಮ್ಮಂಥ ಹೆಂಗಸರಿಗೆ ಡಾಕ್ಟರ್ ಹತ್ರ ಹೋದ್ರೂ ಅಕ್ಕತಂಗೀರ ಹತ್ರ ಹೇಳ್ಕೊಂಡ್ರೂ ಸಿಗೋದು ಒಂದೇ ಮಾತು, "ವಾಕಿಂಗ್ ಮಾಡಿ, ಸರಿಹೋಗುತ್ತೆ". ರಾತ್ರಿ ಮೈ ಕಾವೇರಿ ನೈಟಿ ಎಲ್ಲ ಒದ್ದೆಯಾಗೋದು, ನಿದ್ದೆ ಇಲ್ಲ, ಮಂಡಿ ಹಿಡ್ಕೊಳ್ಳೋದು, ಊಟ ಅಷ್ಟೇ ಇದ್ರೂ ಹೊಟ್ಟೆ ಸುತ್ತ ದಪ್ಪ ಆಗೋದು, ಸುಮ್‌ಸುಮ್ನೆ ರೇಗೋದು, ಎಲ್ಲದಕ್ಕೂ ಅದೇ ಔಷಧಿ. ನನಗೆ ಮುಟ್ಟು ಏರುಪೇರಾಗೋಕೆ ಶುರುವಾದಾಗಿಂದ ಪೂರ್ತಿ ನಿಂತು ಇವತ್ತಿನವರೆಗೆ ಮೈಸೂರಲ್ಲಿ ಏನೇನು ಸಿಗುತ್ತೋ ಒಂದೊಂದನ್ನೂ ತಿಂಗಳುಗಟ್ಟಲೆ ಮಾಡಿ ನೋಡಿದೀನಿ, ಅದನ್ನ ಇಲ್ಲಿ ಬರೀತಿದೀನಿ.

ಮೊದಲು ಕುಕ್ಕರಹಳ್ಳಿ ಕೆರೆ. ಬೆಳಿಗ್ಗೆ ಬೇಗ ಹೋದ್ರೆ ನೆರಳು, ಮಣ್ಣಿನ ದಾರಿ, ಹೆಜ್ಜಾರ್ಲೆಗಳು ನೀರ ಮೇಲೆ ಇಳಿಯೋದು ನೋಡ್ಕೊಂಡು ಒಂದು ಸುತ್ತು ಹಾಕೋದ್ರೊಳಗೆ ತಲೆ ಹಗುರ ಆಗ್ಬಿಡುತ್ತೆ, ಇದರಲ್ಲಿ ಎರಡು ಮಾತಿಲ್ಲ. ಮನಸ್ಸಿನ ಕಿರಿಕಿರಿಗೆ ನನಗೆ ಇದಕ್ಕಿಂತ ಒಳ್ಳೇದು ಸಿಕ್ಕಿಲ್ಲ, ನಿದ್ದೇನೂ ಸುಧಾರಿಸ್ತು. ಆದ್ರೆ ಸ್ಪೀಡ್ ಇರ್ಬೇಕು ಕಣ್ರೀ, ಮಾತಾಡೋಕಾಗ್ಬೇಕು ಹಾಡೋಕಾಗ್ಬಾರ್ದು ಅನ್ನೋ ಅಷ್ಟು. ಸೊಸೆ ವಿಷಯ ಮಾತಾಡ್ಕೊಂಡು ನಿಂತು ನಿಂತು ಹೋಗೋದು ಲೆಕ್ಕಕ್ಕೆ ಬರಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕಮ್ಮಿ ಅಂದ್ರೂ 150 ನಿಮಿಷ ಇಂಥ ಚುರುಕು ನಡಿಗೆ, ಅದರ ಜೊತೆಗೆ ವಾರದಲ್ಲಿ 2 ದಿನ ಮಾಂಸಖಂಡ ಗಟ್ಟಿ ಮಾಡೋ ವ್ಯಾಯಾಮ. ಈ ಎರಡನೇ ಭಾಗ ಇದೆಯಲ್ಲ, ಅದನ್ನ ನಮಗೆ ಯಾರೂ ಹೇಳೋದೇ ಇಲ್ಲ.

ಯಾಕೆ ಅದು ಮುಖ್ಯ ಅಂದ್ರೆ, ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ಇರೋವರೆಗೆ ಮೂಳೆ ಸವೆಯೋದು ಕಟ್ಟೋದು ಹೆಚ್ಚುಕಮ್ಮಿ ಸಮ ಇರುತ್ತೆ, ಅದು ಇಳಿದ ಮೇಲೆ ಸವೆತ ಮುಂದೆ ಓಡುತ್ತೆ, ಮುಟ್ಟು ನಿಲ್ಲೋ ಆಸುಪಾಸಿನ ವರ್ಷಗಳಲ್ಲೇ ಜೋರಾಗಿ. ಮೂಳೆಗೆ ಹೊಸದಾಗಿ ಭಾರ ಬಿದ್ರೆ ಮಾತ್ರ ಅದು ಗಟ್ಟಿ ಆಗೋಕೆ ನೋಡುತ್ತೆ. ನಡಿಗೆ ನಮ್ಮ ಮೂಳೆಗೆ ಹುಟ್ಟಿದಾಗಿಂದ ರೂಢಿ, ಅದರಿಂದ ಅಂಥ ಲಾಭ ಏನೂ ಆಗಲ್ಲ. ನಮ್ಮತ್ತೆ ದಿನಾ ನಡೀತಿದ್ರು, ಆದ್ರೂ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡ್ರು, ಆಮೇಲೆ ಅವರು ಹಿಂದಿನ ಥರ ಓಡಾಡ್ಲೇ ಇಲ್ಲ. ನಾನು ಇಷ್ಟೆಲ್ಲ ತಲೆ ಕೆಡಿಸ್ಕೊಂಡಿದ್ದಕ್ಕೆ ಕಾರಣನೇ ಅದು.

ಚಾಮುಂಡಿ ಬೆಟ್ಟದ ಮೆಟ್ಟಿಲು ಕೆರೆಗಿಂತ ಒಂದು ಕೈ ಮೇಲು. ಸಾವಿರ ಮೆಟ್ಟಿಲು, ನಂದಿ ಹತ್ರ ಬರೋ ಹೊತ್ತಿಗೆ ಸುಮಾರು ಏಳ್ನೂರು ಮುಗಿದಿರುತ್ತೆ, ಅಷ್ಟರಲ್ಲಿ ತೊಡೆ ನಡುಗ್ತಿರುತ್ತೆ, ಎದೆ ಬಡ್ಕೊಳ್ಳೋದು ಕಿವಿಗೆ ಕೇಳುತ್ತೆ. ಹತ್ತೋದು ಹೃದಯಕ್ಕೂ ತೊಡೆಗೂ ಬಹಳ ಒಳ್ಳೇದು. ತೊಂದರೆ ಇರೋದೆಲ್ಲ ಇಳಿಯೋದ್ರಲ್ಲಿ, ಮೈಭಾರ ಎಲ್ಲ ಮಂಡಿ ಮೇಲೆ ಬೀಳುತ್ತೆ, ಹರಕೆ ಹೊತ್ತೋರು ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚಿರ್ತಾರೆ, ಅದರ ಮೇಲೆ ಮಳೆ ಹನಿ ಬಿದ್ರೆ ಜಾರುತ್ತೆ. ನಾನು ಹತ್ತಿ ಅಮ್ಮನ ದರ್ಶನ ಮಾಡಿ ಬಸ್ಸಲ್ಲಿ ಇಳಿದು ಬರ್ತೀನಿ, ಆರ್ಡಿನರಿ ಬಸ್ಸಾದ್ರೆ ಶಕ್ತಿ ಯೋಜನೇಲಿ ಟಿಕೆಟ್ ದುಡ್ಡೂ ಇಲ್ಲ. ಮಂಡಿ ಈಗಾಗ್ಲೇ ಊದಿರೋರು ಇದರ ತಂಟೆಗೆ ಹೋಗ್ಬೇಡಿ. ಆಷಾಢ ಶುಕ್ರವಾರ ಅಂತೂ ಭಕ್ತಿಗೆ ಹೋಗಿ, ವ್ಯಾಯಾಮಕ್ಕೆ ಬೇಡ, ಕಾಲಿಡೋಕೆ ಜಾಗ ಇರಲ್ಲ.

ಈಜು ಬಗ್ಗೆ ಜಾಸ್ತಿ ಹೇಳಲ್ಲ. ಮಂಡಿಗೆ ಸುಖ, ಮೈ ಕಾವಿಗೂ ಹಾಯಿ, ಆದ್ರೆ ನಮ್ಮ ಭಾರ ನೀರೇ ಹೊತ್ಕೊಳ್ಳೋದ್ರಿಂದ ಮೂಳೆಗೆ ಕೆಲಸ ಇಲ್ಲ.

ಇನ್ನು ಯೋಗ. 1930ರ ದಶಕದಲ್ಲಿ ಜಗನ್ಮೋಹನ ಅರಮನೇಲಿ ಕೃಷ್ಣಮಾಚಾರ್ಯರು ಯೋಗ ಕಲಿಸ್ತಿದ್ದ ಊರು ನಮ್ಮದು, ಗೋಕುಲಂ ಕಡೆ ಈಗ್ಲೂ ಹೊರದೇಶದೋರು ಮ್ಯಾಟ್ ಹೆಗಲಿಗೆ ಹಾಕ್ಕೊಂಡು ಹೋಗೋದು ಕಾಣುತ್ತೆ. ನಾನು ಹೋಗಿದ್ದು ಮನೆ ಹತ್ರದ ಸಾದಾ ಹೆಂಗಸರ ಕ್ಲಾಸಿಗೆ. ಬೆನ್ನಿನ ಬಿಗಿತ ಬಿಡ್ತು, ಉಸಿರಾಟದ ಅಭ್ಯಾಸದಿಂದ ಮಧ್ಯರಾತ್ರಿ ಎಚ್ಚರಾದ್ರೂ ಗಾಬರಿ ಇಲ್ಲದೆ ಮತ್ತೆ ಮಲಗೋಕೆ ಆಯ್ತು, ಒಂದೇ ಕಾಲ ಮೇಲೆ ನಿಲ್ಲೋ ವೃಕ್ಷಾಸನದಂಥವು ಬ್ಯಾಲೆನ್ಸಿಗೆ ತುಂಬಾ ಒಳ್ಳೇದು, ಬೀಳದೇ ಇದ್ರೆ ಮೂಳೆ ಮುರಿಯೋ ಪ್ರಶ್ನೆನೇ ಬರಲ್ಲ ಅಲ್ವಾ. ಒಂದು ವಿಷಯದಲ್ಲಿ ಮಾತ್ರ ಹುಷಾರು. ಮೂಳೆ ತೆಳ್ಳಗಾಗಿದೆ ಅಂತ ಗೊತ್ತಿರೋರು ಪಶ್ಚಿಮೋತ್ತಾನಾಸನ, ಹಲಾಸನ ಥರ ಬೆನ್ನು ಗುಂಡಗೆ ಬಗ್ಗಿಸಿ ಒತ್ತೋದನ್ನ ಬಿಡ್ಬೇಕು, ಬೆನ್ನುಮೂಳೆ ಮುಂಭಾಗದ ಮೇಲೆ ಒತ್ತಡ ಬಿದ್ದು ಬಿರುಕು ಬಿಡೋ ಅಪಾಯ ಇದೆ. ಟೀಚರ್ ಹಿಂದಿನಿಂದ ಬಂದು ಬೆನ್ನು ತಳ್ಳೋರಾದ್ರೆ ಮೊದಲೇ ಹೇಳ್ಬಿಡಿ.

ಕೊನೇದು ಜಿಮ್ಮು, ನನ್ನ ಓಟು ಇದಕ್ಕೇ. ಮೊದಲು ಹೋದ ಕಡೆ ಹುಡುಗ "ಆಂಟಿ ನಿಮಗೆ ಟ್ರೆಡ್‌ಮಿಲ್ಲು ಸೈಕಲ್ಲು ಸಾಕು" ಅಂತ ಅಲ್ಲೇ ಕೂರಿಸ್ಬಿಟ್ಟ, ತೂಕದ ಕಡೆ ಬಿಡ್ಲೇ ಇಲ್ಲ, ನಡಿಯೋಕೆ ದುಡ್ಡು ಕೊಡ್ಬೇಕಾ ಅಂತ ಬಿಟ್ಟು ಬಂದೆ. ಎರಡನೇ ಕಡೆ ಒಬ್ಬಳು ಹುಡುಗಿ ಟ್ರೇನರ್ ಸಿಕ್ಕಿದ್ಲು, ಅವಳು ಮಾಡಿಸಿದ್ದು ಹೀಗೆ: ಬರೀ ಕೈಲಿ ಸ್ಟೂಲ್ ಮೇಲೆ ಕೂತು ಏಳೋದು, ಅದು ಸಲೀಸಾದ ಮೇಲೆ ಎರಡು ಕೆಜಿ ಡಂಬೆಲ್ ಎದೆಗೆ ಅವುಚ್ಕೊಂಡು, ಆಮೇಲೆ ಐದು ಕೆಜಿ, ಆಮೇಲೆ ನೆಲದಿಂದ ತೂಕ ಎತ್ತೋದು, ಬೆನ್ನು ನೇರ, ಸೊಂಟದಿಂದ ಬಗ್ಗಬೇಕು, ಎತ್ತುವಾಗ ಉಸಿರು ಬಿಡ್ಬೇಕು, ತೂಕ ಕಾಲಿಗೆ ಅಂಟಿದಂಗೆ ಮೇಲೆ ಬರ್ಬೇಕು. ಕೊನೇ ಎರಡು ಸಲ ಎತ್ತೋದು ಕಷ್ಟ ಆಗ್ಬೇಕು, ಸುಲಭವಾದ ದಿನ ತೂಕ ಏರಿಸ್ಬೇಕು, ಮಧ್ಯೆ ಒಂದೆರಡು ದಿನ ಬಿಡುವು ಕೊಡ್ಬೇಕು. ಈಗ ನಾನು ತೂಕದ ಬಿಲ್ಲೆ ಹಾಕದ ಖಾಲಿ ರಾಡ್ ಎತ್ತುತೀನಿ, ದೊಡ್ಡ ರಾಡ್ ಆದ್ರೆ ಖಾಲಿನೇ 20 ಕೆಜಿ. ತುಂಬಿದ ಸಿಲಿಂಡರ್ ಮೂವತ್ತು ಕೆಜಿ ಹತ್ರ ಇರುತ್ತೆ, ಮೊದಲೆಲ್ಲ ಮಗ ಬರೋವರೆಗೂ ಬಾಗಿಲಲ್ಲೇ ಇರ್ತಿತ್ತು, ಈಗ ನಾನೇ ಅಡುಗೆಮನೆಗೆ ತಂದು ಇಡ್ತೀನಿ. ಮಂಡಿ ನೋವು ಕಮ್ಮಿ ಆಗಿದ್ದೂ ಇದರಲ್ಲೇ, ತೊಡೆ ಗಟ್ಟಿಯಾದ್ರೆ ಮಂಡಿಗೆ ಆಸರೆ ಸಿಗುತ್ತೆ.

ಗಂಡಸರ ಥರ ತೋಳು ಬಂದ್ಬಿಡುತ್ತೆ ಅಂತ ಕೆಲವರು ಹೆದರಿಸ್ತಾರೆ, ಬರಲ್ಲ ಬಿಡಿ, ಅದಕ್ಕೆ ಬೇಕಾದ ಹಾರ್ಮೋನ್ ನಮ್ಮಲ್ಲಿ ಅಷ್ಟಿಲ್ಲ. ತೂಕ ಎತ್ತುವಾಗ ಇಲ್ಲ ಜುಂಬಾದಲ್ಲಿ ಹಾರುವಾಗ ಒಂದೆರಡು ಹನಿ ಮೂತ್ರ ಹೋಗೋದು ಎಷ್ಟೋ ಜನಕ್ಕೆ ಇದೆ, ಯಾರೂ ಬಾಯಿಬಿಡಲ್ಲ, ಕ್ಲಾಸ್ ಬಿಟ್ಟು ಹೋಗ್ತಾರೆ. ಅದಕ್ಕೆ ಕೀಗಲ್ ವ್ಯಾಯಾಮ ಇದೆ, ಮೂತ್ರ ತಡೆಯೋ ಸ್ನಾಯುನ ಬಿಗಿ ಹಿಡಿದು ಬಿಡೋದು, ಫಿಸಿಯೋಥೆರಪಿಯವರು ಸರಿಯಾಗಿ ಕಲಿಸ್ತಾರೆ, ನಾಚ್ಕೋಬೇಡಿ. ಜಿಮ್ಮಿಗೆ ದುಡ್ಡು ಅಥವಾ ಮನೆಯವರ ಒಪ್ಪಿಗೆ ಇಲ್ವಾ, ಐದು ಕೆಜಿ ಅಕ್ಕಿ ಚೀಲ ಎದೆಗೆ ಹಿಡ್ಕೊಂಡು ಕುರ್ಚೀಲಿ ಕೂತು ಏಳಿ, ಎರಡು ಕೈಲೂ ನೀರಿನ ಕ್ಯಾನ್ ಹಿಡಿದು ಟೆರೇಸ್ ಮೇಲೆ ನಡೀರಿ. ಜೊತೆಗೆ ರಾಗಿ, ಹುರುಳಿ, ಮೊಸರು, ತಿನ್ನೋರಾದ್ರೆ ಮೊಟ್ಟೆ ಮೀನು, ಬರೀ ಅನ್ನ ಸಾರಲ್ಲಿ ಸ್ನಾಯು ಬೆಳೆಯಲ್ಲ.

ಮೈ ಕಾವೇರೋದು ಮಾತ್ರ ಈ ನಾಲ್ಕರಲ್ಲಿ ಯಾವ್ದರಿಂದಲೂ ನನಗೆ ನಿಂತಿಲ್ಲ, ತಡ್ಕೊಳ್ಳೋ ಶಕ್ತಿ ಬಂತು ಅಷ್ಟೆ. ವ್ಯಾಯಾಮದಿಂದ ಅದು ನಿಂತೇ ಹೋಗುತ್ತೆ ಅಂತ ಹೇಳೋರನ್ನ ನಂಬ್ಬೇಡಿ, ತೀರಾ ಹಿಂಸೆ ಇದ್ರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ, ಲೇಡಿ ಡಾಕ್ಟರ್ ಹತ್ರ ಕೇಳಿ. ಈಗ ನಾನು ವಾರದಲ್ಲಿ ಎರಡು ದಿನ ತೂಕ, ಉಳಿದ ದಿನ ಆದಷ್ಟೂ ಕೆರೆ, ಮಲಗೋ ಮುಂಚೆ ಸ್ವಲ್ಪ ಯೋಗ. ಒಂದನ್ನೇ ಆರಿಸ್ಕೋಬೇಕು ಅಂದ್ರೆ ತೂಕ. ಬಿಪಿ, ಹಾರ್ಟ್ ತೊಂದರೆ ಇರೋರು, ಸಣ್ಣದಾಗಿ ಬಿದ್ದಿದ್ದಕ್ಕೇ ಮೂಳೆ ಮುರಿದಿರೋರು ರಾಡ್ ಮುಟ್ಟೋ ಮುಂಚೆ ಡಾಕ್ಟರಿಗೆ ತೋರಿಸಿ, ಮೂಳೆ ನೋಡೋಕೆ ಡೆಕ್ಸಾ ಸ್ಕ್ಯಾನ್ ಅಂತ ಇದೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸ್ಕೊಂಡ್ರೆ, ಜಿಮ್ಮಲ್ಲಿ ಭಾರ ಎತ್ತಿದ್ದಕ್ಕೆ ಇರ್ಬೇಕು ಅಂತ ಸುಮ್ಮನಿರ್ಬೇಡಿ, ಒಂದು ಹನಿ ಆದ್ರೂ ಅದೇ ವಾರ ಹೋಗಿ ತೋರಿಸಿ.