ಮಿನಿ ಡಿವಿ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಲು ಫೈರ್‌ವೈರ್ ಕಾರ್ಡ್: ಕೆಲವು ವರ್ಷ ಬಳಸಿದ ಮೇಲೆ

ಬಳಕೆಯಲ್ಲಿರುವುದು: ವಿಐಎ ವಿಟಿ6315 ಚಿಪ್ಪಿನ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ (ಟೇಪ್ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡ್), ಒಂದು ತುದಿ 6 ಪಿನ್ ಇನ್ನೊಂದು ತುದಿ 4 ಪಿನ್ ಇರುವ ಕೇಬಲ್, ಮೊದಲು ವಿಂಡೋಸ್ 10 ಆಮೇಲೆ 11 ಹಾಕಿದ ಡೆಸ್ಕ್‌ಟಾಪ್, ಪಾಲ್ (ಭಾರತದ ಟಿವಿ) ಪದ್ಧತಿಯ ಮಿನಿ ಡಿವಿ ಕ್ಯಾಮ್‌ಕಾರ್ಡರ್‌ಗಳು, ಅಂದರೆ ಚಿಕ್ಕ ಡಿಜಿಟಲ್ ಟೇಪಿನ ವಿಡಿಯೊ ಕ್ಯಾಮೆರಾಗಳು. ಊರು ಕಲಬುರಗಿ. ಊರಿನ ಹೆಸರು ಯಾಕೆ ಬೇಕು ಅಂದರೆ, ಇಲ್ಲಿನ ಧೂಳಿಗೂ ಕರೆಂಟಿಗೂ ಈ ಕೆಲಸದಲ್ಲಿ ದೊಡ್ಡ ಪಾಲಿದೆ.

ಕಾರ್ಡಿಗೆ ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ಡ್ರೈವರಿನದು, ಕಾರ್ಡಿನದಲ್ಲ.

ಈ ಭಾಗದ ಮನೆಗಳಲ್ಲಿ 2000ರಿಂದ 2010ರ ಆಸುಪಾಸಿನ ಮದುವೆ, ಜಾವಳ, ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ಉರುಸು ಎಲ್ಲ ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಅಲಮಾರಿ ಸೇರಿವೆ. ಅದನ್ನು ಇಳಿಸಲು ಹೊರಟವರು ಮೊದಲು ಎಡವುವುದು ಯುಎಸ್‌ಬಿ ತೂತಿನಲ್ಲಿ. ಕ್ಯಾಮೆರಾಕ್ಕೆ ಯುಎಸ್‌ಬಿ ಇದೆ, ಕಂಪ್ಯೂಟರಿಗೂ ಇದೆ, ಹಾಕಿದರೆ ಬರಬೇಕಲ್ಲ ಅನಿಸುತ್ತದೆ. ಆದರೆ ಬಹುತೇಕ ಮಿನಿ ಡಿವಿ ಕ್ಯಾಮೆರಾಗಳ ಯುಎಸ್‌ಬಿ ಇರುವುದು ಮೆಮೊರಿ ಕಾರ್ಡಿನ ಫೋಟೊ ಸಾಗಿಸಲಿಕ್ಕೆ, ಇಲ್ಲವೆ ಸಣ್ಣ ಚಿತ್ರದ ವೆಬ್‌ಕ್ಯಾಮ್ ಆಗಲಿಕ್ಕೆ. ಟೇಪಿನ ಮೇಲಿರುವ ಡಿಜಿಟಲ್ ದತ್ತಾಂಶ ಇದ್ದದ್ದು ಇದ್ದ ಹಾಗೆ ಹೊರಬರುವುದು ಡಿವಿ ಎಂದು ಬರೆದಿರುವ ತೂತಿನಿಂದ. ಸೋನಿಯವರು ಅದನ್ನೇ ಐ.ಲಿಂಕ್ ಎನ್ನುತ್ತಾರೆ, ಪುಸ್ತಕದ ಹೆಸರು ಐಇಇಇ 1394. ಮೂರೂ ಒಂದೇ, ಫೈರ್‌ವೈರ್ ಅನ್ನುವುದೂ ಇದನ್ನೇ.

ಇನ್ನು ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ 4 ಪಿನ್ ಫೈರ್‌ವೈರ್ ಇರುವ ಅಗ್ಗದ ಕೇಬಲ್ ಆನ್‌ಲೈನಿನಲ್ಲಿ ಸಿಗುತ್ತದೆ. ಕೊಳ್ಳಬೇಡಿ. ತಂತಿಯ ಆಕಾರ ಬದಲಾಯಿಸಿದ ಮಾತ್ರಕ್ಕೆ ಎರಡು ಬೇರೆ ಬೇರೆ ಪದ್ಧತಿಗಳು ಮಾತಾಡುವುದಿಲ್ಲ. ಒಳಗೆ ಚಿಪ್ಪೇ ಇಲ್ಲದ ಆ ಕೇಬಲ್‌ನಿಂದ ಒಂದು ಫ್ರೇಮೂ ಇಳಿಯದು.

ಕಾರ್ಡ್ ಕೂರಿಸುವುದು ಸುಲಭ. ಸಿಪಿಯು ಆಫ್ ಮಾಡಿ, ವೈರ್ ಕಿತ್ತು, ಚಿಕ್ಕ ಪಿಸಿಐಇ ಎಕ್ಸ್1 ಸ್ಲಾಟಿಗೆ ಒತ್ತಿ ಸ್ಕ್ರೂ ಹಾಕಿದರೆ ಆಯಿತು. ಎಕ್ಸ್1 ಖಾಲಿ ಇಲ್ಲದಿದ್ದರೆ ಉದ್ದನೆಯ ಎಕ್ಸ್16 ಸ್ಲಾಟಿನಲ್ಲೂ ನಡೆಯುತ್ತದೆ. ಆಫೀಸಿನ ಹಳೇ ಸಣ್ಣ ಸಿಪಿಯು ಕೊಂಡವರು ಗಿಡ್ಡ ಪಟ್ಟಿ ಜೊತೆಗೆ ಬರುವ ಕಾರ್ಡನ್ನೇ ಕೇಳಿ ತರಿಸಬೇಕು, ಇಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ. ಕಾರ್ಡಿನ ಮೇಲೆ ಕರೆಂಟಿನ ಸಾಕೆಟ್ ಇದ್ದು ಅದಕ್ಕೆ ತಂತಿ ಇಲ್ಲವಲ್ಲ ಎಂದು ಗಾಬರಿಯಾಗುವುದು ಬೇಡ. ಅದು 6 ಪಿನ್ ಮೂಲಕ ಹೊರಗಿನ ಸಾಧನಕ್ಕೆ ವಿದ್ಯುತ್ ಕೊಡಲು. 4 ಪಿನ್ ಕ್ಯಾಮೆರಾಕ್ಕೆ ಫೈರ್‌ವೈರ್‌ನಿಂದ ವಿದ್ಯುತ್ ಹೋಗುವುದೇ ಇಲ್ಲ.

ಆ 6 ಪಿನ್ ವಿಷಯದಲ್ಲಿ ಮಾತ್ರ ಅವಸರ ಸಲ್ಲ. ಅದರಲ್ಲಿ 30 ವೋಲ್ಟ್‌ವರೆಗೆ ವಿದ್ಯುತ್ ಹರಿಯಬಹುದು. ಸಿಪಿಯು ಹಿಂದೆ ಕೈ ಹಾಕಿ ಕಣ್ಣಿಗೆ ಕಾಣದ ಜಾಗದಲ್ಲಿ ಪ್ಲಗ್ಗನ್ನು ಒತ್ತಿದಾಗ ಅದು ತಲೆಕೆಳಗಾಗಿ ಒಳಗೆ ಹೋದರೆ, ಆ ವಿದ್ಯುತ್ತು ಕ್ಯಾಮೆರಾದ ಡಿವಿ ತೂತಿನ ಹಿಂದಿರುವ ಚಿಪ್ಪಿಗೆ ಬಡಿಯುತ್ತದೆ. ಕ್ಯಾಸೆಟ್ ಓಡುತ್ತದೆ, ಪರದೆಯಲ್ಲಿ ಚಿತ್ರ ಬರುತ್ತದೆ, ಕಂಪ್ಯೂಟರಿಗೆ ಮಾತ್ರ ಕ್ಯಾಮೆರಾ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಹೀಗೆ ಡಿವಿ ತೂತು ಸತ್ತ ಕ್ಯಾಮೆರಾ ಸೆಕೆಂಡ್‌ಹ್ಯಾಂಡಿನಲ್ಲಿ ಸಿಗಬಹುದು. ಆದ್ದರಿಂದ ಎರಡೂ ಆಫ್ ಇರುವಾಗ ಮೊದಲು ಸಿಪಿಯು ಕಡೆ ಹಾಕಿ, ಆಮೇಲೆ ಕ್ಯಾಮೆರಾ ಕಡೆ, ಕಂಪ್ಯೂಟರ್ ಪೂರ್ತಿ ಶುರುವಾದ ಮೇಲೆ ಕೊನೆಗೆ ಕ್ಯಾಮೆರಾ ಆನ್. ಕಾರ್ಡಿನಲ್ಲಿ 4 ಪಿನ್ ತೂತೂ ಇದ್ದರೆ ಎರಡೂ ತುದಿ 4 ಪಿನ್ ಇರುವ ಕೇಬಲ್ ತಂದು ಈ ಭಯವನ್ನೇ ಕಳೆದುಕೊಳ್ಳಬಹುದು. ಕೇಬಲ್ ಉದ್ದ 4.5 ಮೀಟರ್ ದಾಟಬಾರದು, ಎರಡು ಮೀಟರ್ ಧಾರಾಳ.

ಈಗ ಡ್ರೈವರ್. ಕಾರ್ಡ್ ಹಾಕಿದ ತಕ್ಷಣ ವಿಂಡೋಸ್ ತನ್ನದೇ ಹೊಸ 1394 ಡ್ರೈವರ್ ಹಾಕಿಕೊಂಡು ಎಲ್ಲ ಸರಿ ಇದೆ ಅನ್ನುತ್ತದೆ. ಆದರೆ ಕೆಲವು ಕ್ಯಾಮೆರಾ ಅದರಡಿಯಲ್ಲಿ ಕಾಣಿಸುವುದಿಲ್ಲ, ಕೆಲವು ಕಾಣಿಸಿದರೂ ಸ್ವಲ್ಪ ಹೊತ್ತಿಗೆ ಕಡಿದುಕೊಳ್ಳುತ್ತವೆ. ವಿಂಡೋಸ್ 7ರಲ್ಲಿದ್ದ ಹಳೆಯ ‘ಲೆಗಸಿ’ ಡ್ರೈವರನ್ನು 8ರಿಂದ ತೆಗೆದರು, ಮೈಕ್ರೋಸಾಫ್ಟ್ ಅದನ್ನು ಬೇರೆ ಡೌನ್‌ಲೋಡ್ ಆಗಿ ಕೊಟ್ಟಿತು. ಅದನ್ನು ಇನ್‌ಸ್ಟಾಲ್ ಮಾಡಿದರಷ್ಟೇ ಸಾಲದು. ಡಿವೈಸ್ ಮ್ಯಾನೇಜರ್ ತೆರೆದು 1394 ಹೋಸ್ಟ್ ಕಂಟ್ರೋಲರ್ ಮೇಲೆ ಬಲ ಕ್ಲಿಕ್, ಅಪ್‌ಡೇಟ್ ಡ್ರೈವರ್, ಕಂಪ್ಯೂಟರಿನಲ್ಲೇ ಹುಡುಕುವ ಆಯ್ಕೆ, ಅದರೊಳಗೆ ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂಬ ಆಯ್ಕೆ, ಅಲ್ಲಿ ಕೊನೆಗೆ ಲೆಗಸಿ ಎಂದಿರುವ ಹೆಸರನ್ನು ಆರಿಸಬೇಕು. ರೀಸ್ಟಾರ್ಟ್ ಮಾಡಿ, ಕ್ಯಾಮೆರಾ ಆನ್ ಮಾಡಿದಾಗ ಡಿವೈಸ್ ಮ್ಯಾನೇಜರಿನಲ್ಲಿ ಅದರ ಹೆಸರು ಬಂದರೆ ಅರ್ಧ ಗೆದ್ದಂತೆ. ಬೇಸರದ ಸಂಗತಿ ಏನೆಂದರೆ ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದಾಗ ಈ ಆಯ್ಕೆ ಅಳಿದು ಹೊಸ ಡ್ರೈವರೇ ಮತ್ತೆ ಕೂತಿರಬಹುದು. ನಿನ್ನೆ ನಡೆದದ್ದು ಇವತ್ತು ನಡೆಯದಿದ್ದರೆ ಕೇಬಲ್ ಬೈಯುವ ಮೊದಲು ಇಲ್ಲಿ ನೋಡಿ. ಅಂಕ ಕಳೆದದ್ದು ಇದಕ್ಕೇ.

ಕ್ಯಾಮೆರಾವನ್ನು ಶೂಟ್ ಮಾಡುವ ಮೋಡಿನಲ್ಲಿ ಇಡದೆ ವಿಸಿಆರ್ ಅಥವಾ ಪ್ಲೇ ಮೋಡಿಗೆ ತಿರುಗಿಸಿ, ಬ್ಯಾಟರಿ ಬಿಟ್ಟು ಅಡಾಪ್ಟರ್ ಹಾಕಿ. ಕ್ಯಾಸೆಟ್ಟಿನ ಬೆನ್ನಿನ ಚಿಕ್ಕ ಗುಂಡಿಯನ್ನು ‘ಸೇವ್’ ಕಡೆ ಸರಿಸಿದರೆ ಕೈತಪ್ಪಿ ಅದರ ಮೇಲೆ ರೆಕಾರ್ಡ್ ಆಗುವ ಅಪಾಯ ಇಲ್ಲ. ಬಹಳ ವರ್ಷ ಅಲ್ಲಾಡದ ಟೇಪನ್ನು ಒಮ್ಮೆ ಕೊನೆವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಆಮೇಲೆ ಇಳಿಸಿ.

ಸಾಫ್ಟ್‌ವೇರಿಗೆ ವಿನ್‌ಡಿವಿ ಸಾಕು. ಉಚಿತ, ಚಿಕ್ಕದು, ಹಳೆಯದು, ಇಂದಿಗೂ ಓಡುತ್ತದೆ. ಎಡಿಟ್ ಮಾಡುವವರು ಅದರಲ್ಲಿ ಟೈಪ್ 2 ಎವಿಐ ಆರಿಸಬೇಕು. ಟೈಪ್ 1ರಲ್ಲಿ ದನಿ ಚಿತ್ರದೊಳಗೇ ಹೆಣೆದುಕೊಂಡಿರುವುದರಿಂದ ಹಲವು ಎಡಿಟಿಂಗ್ ಸಾಫ್ಟ್‌ವೇರುಗಳಿಗೆ ಚಿತ್ರ ಕಾಣುತ್ತದೆ, ಶಬ್ದ ಸಿಗುವುದಿಲ್ಲ. ‘ಡಿಸ್‌ಕಂಟಿನ್ಯುಟಿ’ ಎಂಬ ಕಡೆ 1 ಸೆಕೆಂಡ್ ಕೊಟ್ಟರೆ ಟೇಪಿನಲ್ಲಿ ದಾಖಲಾದ ತಾರೀಖು, ವೇಳೆ ನೋಡಿ ಪ್ರತಿ ಶಾಟನ್ನೂ ಬೇರೆ ಫೈಲ್ ಮಾಡುತ್ತದೆ. ಅರಿಶಿನದ್ದು ಬೇರೆ, ಅಕ್ಷತೆಯದ್ದು ಬೇರೆ. ಇಡೀ ಕ್ಯಾಸೆಟ್ ಒಂದೇ ಫೈಲ್ ಬೇಕಾದವರು ಅಲ್ಲಿ ಸೊನ್ನೆ ಹಾಕಲಿ.

ಪಾಲ್ ಡಿವಿ ಸೆಕೆಂಡಿಗೆ 36 ಲಕ್ಷ ಬೈಟ್ ತಿನ್ನುತ್ತದೆ, ತಾಸಿಗೆ ಸುಮಾರು 13 ಜಿಬಿ. 1 ಟಿಬಿ ಡಿಸ್ಕಿನಲ್ಲಿ 60 ನಿಮಿಷದ 70 ಕ್ಯಾಸೆಟ್ ಆರಾಮಾಗಿ ಹಿಡಿಸುತ್ತವೆ. 19 ನಿಮಿಷದ ಸುಮಾರಿಗೆ ಕ್ಯಾಪ್ಚರ್ ನಿಲ್ಲುತ್ತಿದ್ದರೆ ಟೇಪಿನ ದೋಷವಲ್ಲ: ಡಿಸ್ಕ್ ಎಫ್‌ಎಟಿ32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿದೆ, ಅಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಆದರೆ ಅದರಲ್ಲಿದ್ದದ್ದನ್ನು ಬೇರೆ ಕಡೆ ತೆಗೆದಿಟ್ಟುಕೊಂಡ ಮೇಲೆ.

ಇಳಿಸುವ ಹೊತ್ತಿನಲ್ಲಿ ಟೇಪು ಕಂಪ್ಯೂಟರಿಗಾಗಿ ಕಾಯುವುದಿಲ್ಲ. ತಪ್ಪಿದ ಫ್ರೇಮನ್ನು ಕ್ಯಾಮೆರಾ ಮತ್ತೆ ಕಳಿಸದು. ವಿನ್‌ಡಿವಿ ಕಿಟಕಿಯಲ್ಲಿ ಬಿಟ್ಟುಹೋದ ಫ್ರೇಮುಗಳ ಲೆಕ್ಕ ತೋರಿಸುತ್ತದೆ, ಅದು ಸೊನ್ನೆಯಲ್ಲೇ ಇರಬೇಕು. ಏರುತ್ತಿದ್ದರೆ ಸ್ಲೀಪ್ ಬಂದ್ ಮಾಡಿ, ಆ ಫೋಲ್ಡರನ್ನು ಆ್ಯಂಟಿವೈರಸ್ ನೋಡದಂತೆ ಬಿಡಿಸಿ, ಹೊರಗಿನ ಡಿಸ್ಕಿಗೆ ಬದಲು ಒಳಗಿನ ಡಿಸ್ಕಿಗೇ ಇಳಿಸಿ. ಬೇಸಿಗೆಯಲ್ಲಿ ಯುಪಿಎಸ್ ಇಲ್ಲದೆ ಶುರು ಮಾಡುವುದೇ ಬೇಡ. ಕರೆಂಟ್ ಹೋದರೆ ಅರೆಬರೆ ಎವಿಐ ಫೈಲ್ ಉಳಿಯುತ್ತದೆ, ಅದು ತೆರೆಯದೇ ಇರಬಹುದು.

ಚಿತ್ರ ಕೆಟ್ಟಾಗ ತಪ್ಪು ಎಲ್ಲಿದೆ ಎಂದು ತಿಳಿಯಲು ಒಂದೇ ದಾರಿ: ಕ್ಯಾಮೆರಾದ ಪುಟ್ಟ ಪರದೆ ನೋಡಿ. ಅಲ್ಲಿ ಚಿತ್ರ ಚೊಕ್ಕವಾಗಿದ್ದು ಫೈಲಿನಲ್ಲಿ ಕೆಟ್ಟಿದ್ದರೆ ಕೇಬಲ್, ಡ್ರೈವರ್, ಡಿಸ್ಕ್ ಇವುಗಳಲ್ಲೊಂದು. ಪರದೆಯಲ್ಲೇ ಚೌಕಳಿ ಚೌಕಳಿಯಾಗಿ ಒಡೆದಿದ್ದರೆ ಹೆಡ್ (ಕ್ಯಾಮೆರಾದೊಳಗೆ ಟೇಪ್ ಓದುವ ಭಾಗ) ಇಲ್ಲವೇ ಟೇಪು, ಕಂಪ್ಯೂಟರ್ ಮುಟ್ಟಬೇಡಿ. ಪಾಲ್ ಡಿವಿಯಲ್ಲಿ ಒಂದು ಫ್ರೇಮನ್ನು 12 ಟ್ರ್ಯಾಕುಗಳಾಗಿ, ಅಂದರೆ ಟೇಪಿನ ಮೇಲೆ ಓರೆ ಗೆರೆಗಳಾಗಿ, ಬರೆಯುತ್ತಾರೆ, ತಿರುಗುವ ಡ್ರಮ್ಮಿನ ಎರಡು ಹೆಡ್ಡುಗಳು ಸರದಿಯಂತೆ ಓದುತ್ತವೆ. ಒಂದಕ್ಕೆ ಕೊಳೆ ಹಿಡಿದರೆ ಒಂದು ಬಿಟ್ಟು ಒಂದು ಟ್ರ್ಯಾಕ್ ಮಾಯ, ಚಿತ್ರದ ಮೇಲೆ ಅಡ್ಡ ಪಟ್ಟಿ ಪಟ್ಟಿಯಾಗಿ ಚೌಕಗಳು. ಹೀಗೆ ಕ್ರಮಬದ್ಧವಾಗಿ ಕಂಡರೆ ಹೆಡ್ ಎಂದೇ ತಿಳಿಯಿರಿ. ಅಲ್ಲೊಂದು ಇಲ್ಲೊಂದು ಚೌಕ ಮಿಂಚಿದರೆ ಅದು ಟೇಪಿನ ಸವೆತ.

ಕಲಬುರಗಿಯಲ್ಲಿ ಹೆಡ್ಡಿನ ಕೊಳೆ ಅಪರೂಪವಲ್ಲ. ತೊಗರಿ ರಾಶಿಯ ದಿನಗಳ ಹೊಟ್ಟು, ಎರೆಮಣ್ಣಿನ ಧೂಳು, ಶಹಾಬಾದ್ ಕಡೆ ಫರಸಿ ಕಲ್ಲು ಪಾಲಿಶ್ ಮಾಡುವ ಜಾಗದ ಬಿಳಿ ಪುಡಿ, ಇವೆಲ್ಲ ಕ್ಯಾಸೆಟ್ ಬಾಗಿಲು ತೆರೆದ ಕ್ಷಣದಲ್ಲೇ ಒಳಗೆ ಇಳಿಯುತ್ತವೆ. ಫ್ಯಾನ್ ಆಫ್ ಮಾಡಿ ಕ್ಯಾಸೆಟ್ ಬದಲಿಸಿ. ಒಣ ಕ್ಲೀನಿಂಗ್ ಕ್ಯಾಸೆಟ್ ಹಾಕಿ 10 ಸೆಕೆಂಡ್ ಪ್ಲೇ ಮಾಡಿ ತೆಗೆಯಿರಿ. ಅದನ್ನು ಹಿಂದಕ್ಕೆ ಸುತ್ತಬಾರದು, ಒರೆಸಿದ ಕೊಳೆಯನ್ನೇ ಮತ್ತೆ ಹಚ್ಚಿದಂತಾಗುತ್ತದೆ. ನಾಲ್ಕೈದು ಸಲಕ್ಕೂ ಸರಿಹೋಗದಿದ್ದರೆ ನಿಲ್ಲಿಸಿ, ಆ ಕ್ಯಾಸೆಟ್ ಹೆಡ್ಡನ್ನು ಉಜ್ಜಿ ಸವೆಸುತ್ತದೆ. ಎಸಿ ಕೋಣೆಯಿಂದ ಮಳೆಗಾಲದ ಹಸಿ ಗಾಳಿಗೆ ತಂದ ಕ್ಯಾಮೆರಾ ತೇವದ ಸೂಚನೆ ತೋರಿಸಿದರೆ ಕ್ಯಾಸೆಟ್ ತೆಗೆದು, ಬಾಗಿಲು ತೆರೆದಿಟ್ಟು, ಒಂದು ತಾಸು ಬಿಡಿ.

ಎಲ್‌ಪಿ (ಲಾಂಗ್ ಪ್ಲೇ) ಮೋಡಿನ ಕ್ಯಾಸೆಟ್ಟುಗಳು ಬೇರೆಯೇ ತಲೆನೋವು. 60 ನಿಮಿಷದ ಟೇಪಿನಲ್ಲಿ 90 ನಿಮಿಷ ತುಂಬಲು ಟ್ರ್ಯಾಕಿನ ಅಗಲವನ್ನು 10 ಮೈಕ್ರಾನಿನಿಂದ 6.7ಕ್ಕೆ ಇಳಿಸುತ್ತಾರೆ. ಬೇರೆ ಕ್ಯಾಮೆರಾದ ಹೆಡ್ ಅಷ್ಟು ಕಿರಿದಾದ ದಾರಿಯಲ್ಲಿ ಸರಿಯಾಗಿ ನಡೆಯುವುದಿಲ್ಲ. ಶೂಟ್ ಮಾಡಿದ ಕ್ಯಾಮೆರಾವೇ ಸಿಕ್ಕರೆ ಅದರಲ್ಲೇ ಹಾಕಿ, ಆ ವಿಡಿಯೊ ಅಂಗಡಿಯವರ ಮಾಳಿಗೆಯಲ್ಲಿ ಅದು ಇನ್ನೂ ಇರಬಹುದು.

ಇಳಿದ ಎವಿಐ ಮೂಲವನ್ನು ಹಾಗೇ ಉಳಿಸಿಕೊಂಡು, ಫೋನಿಗೆ ಕಳಿಸಲು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಇನ್ನೊಂದು ಎಂಪಿ4 ಪ್ರತಿ ಮಾಡಿ. ಡಿವಿಯ ಒಂದೊಂದು ಫ್ರೇಮೂ ಒಂದು ಬಿಟ್ಟು ಒಂದು ಗೆರೆಯ ಎರಡು ಅರ್ಧ ಚಿತ್ರ, ಅವಕ್ಕೆ ಫೀಲ್ಡ್ ಎನ್ನುತ್ತಾರೆ. ಅವನ್ನು ಬಿಡಿಸುವ ಡಿಇಂಟರ್‌ಲೇಸ್‌ನಲ್ಲಿ, ಪ್ರತಿ ಫೀಲ್ಡನ್ನೂ ಪೂರ್ತಿ ಫ್ರೇಮ್ ಮಾಡುವ ‘ಬಾಬ್’ ಆರಿಸಿ ಸೆಕೆಂಡಿಗೆ 50 ಫ್ರೇಮ್ ಇಟ್ಟರೆ ಡೊಳ್ಳು ಕುಣಿತದಂಥ ಓಟದ ದೃಶ್ಯ ನುಣುಪಾಗಿ ಕಾಣುತ್ತದೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಮೇಲಿನದು ಮೊದಲು ಎಂದು ಕೊಟ್ಟರೆ ಜನ ಹೆಜ್ಜೆಹೆಜ್ಜೆಗೂ ಹಿಂದೆ ಮುಂದೆ ಜಗ್ಗಿದಂತೆ ನಡೆಯುತ್ತಾರೆ.

ಈ ಕಾರ್ಡ್ ಯಾರಿಗೆ ಬೇಡ? ಬರೀ ಲ್ಯಾಪ್‌ಟಾಪ್ ಇರುವವರಿಗೆ ಬೇಡ, ಹಾಕಲು ಜಾಗವೇ ಇಲ್ಲ. ಮ್ಯಾಕಿನಲ್ಲಿ ಥಂಡರ್‌ಬೋಲ್ಟ್ ಅಡಾಪ್ಟರುಗಳ ಸರಪಳಿ ಕಟ್ಟಿ ಕೆಲಸ ನಡೆಸಬಹುದಿತ್ತು, ಆದರೆ 2025ರ ಮ್ಯಾಕ್‌ಒಎಸ್ 26ರಿಂದ ಆಪಲ್ ಫೈರ್‌ವೈರ್ ಕೈಬಿಟ್ಟಿದೆ. ವಿಎಚ್‌ಎಸ್ ಅಥವಾ ವಿಡಿಯೊ8 ಇದ್ದವರಿಗೆ ಮೂರು ಬಣ್ಣದ ಎವಿ ಕೇಬಲ್ ಮತ್ತು ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ಬೇಕು. ಅಲ್ಲಿ ಚಿತ್ರ ಬಾರದೆ ಸ್ಪೀಕರಿನಲ್ಲಿ ಗುಂಯ್ ಅಂದರೆ ಹಳದಿ ಪಿನ್ನನ್ನು ಕೆಂಪಿನ ಜಾಗಕ್ಕೆ ಹಾಕಿ ನೋಡಿ, ಆ ಕೇಬಲ್ಲಿನ ಕ್ಯಾಮೆರಾ ತುದಿಯ 3.5 ಮಿ.ಮೀ. ಜಾಕಿನ ಉಂಗುರಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಸ್ಟಿಕ್ಕಿನ ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರುವುದರಿಂದ ಜೊತೆಗೆ ಬಂದ ಸಿಡಿಯನ್ನು ಎಸೆಯಬೇಡಿ. ಡಿಜಿಟಲ್8 ಕ್ಯಾಮೆರಾ ಇದ್ದರೆ ಅದೃಷ್ಟ: ಅದಕ್ಕೆ ಈ ಕಾರ್ಡೇ ಸರಿ, ಅದರ ಕೆಲವು ಮಾದರಿಗಳು ಹಳೆಯ ಹೈ8 ಟೇಪನ್ನೂ ಓದಿ ಫೈರ್‌ವೈರ್‌ನಿಂದ ಕೊಡುತ್ತವೆ.

ಹಾರ್ಡ್‌ಡಿಸ್ಕ್ ಅಥವಾ ಮೆಮೊರಿ ಕಾರ್ಡಿನ ಎವಿಸಿಎಚ್‌ಡಿ ಕ್ಯಾಮೆರಾದವರಿಗೂ ಈ ಕಾರ್ಡಿನ ಕೆಲಸವಿಲ್ಲ, ಅಲ್ಲಿ ಯುಎಸ್‌ಬಿ ನಿಜವಾಗಿಯೂ ಸಾಕು. ಬರೀ ಎಂಟಿಎಸ್ ಎಂಬ ವಿಡಿಯೊ ಫೈಲುಗಳನ್ನು ಆಯ್ದುಕೊಳ್ಳದೆ ಎವಿಸಿಎಚ್‌ಡಿ ಫೋಲ್ಡರನ್ನು ಇಡಿಯಾಗಿ ಎತ್ತಿಕೊಳ್ಳಿ. ಉದ್ದನೆಯ ಶಾಟನ್ನು ಕ್ಯಾಮೆರಾ ತುಂಡು ಮಾಡಿ ಬರೆದಿರುತ್ತದೆ, ತುಂಡುಗಳ ಕ್ರಮ ಆ ಫೋಲ್ಡರಿನ ಬೇರೆ ಫೈಲುಗಳಲ್ಲಿರುತ್ತದೆ. ಅದಿಲ್ಲದೆ ಜೋಡಿಸಿದರೆ ಸೇರುವ ಜಾಗದಲ್ಲಿ ದನಿ ಒಂದು ಕ್ಷಣ ಕಡಿಯುತ್ತದೆ.