ಮೀನು ಹಿಡಿಯೋ ಕಯಾಕ್‌ಗೆ ಕಾರ್ಟ್: ಮೂರು ವರ್ಷ ಎಳೆದ ಮೇಲೆ ಬರೀತಿರೋದು

ಮೊದಲೇ ಹೇಳಿಬಿಡ್ತೀನಿ, ಇದು ಒಂದಲ್ಲ, ಎರಡು ಕಾರ್ಟ್ ಕಥೆ. ಕಾರ್ಟ್ ಅಂದ್ರೆ ಕಯಾಕನ್ನ (ಹುಟ್ಟು ಹಾಕೋ ಸಣ್ಣ ದೋಣಿ) ಕಾರಿಂದ ನೀರಿನ ತನಕ ಎಳ್ಕೊಂಡು ಹೋಗೋ ಎರಡು ಚಕ್ರದ ಗಾಡಿ. ಮೊದಲನೇದು ಎಂಟು ತಿಂಗಳು ಬಂತು, ಎರಡನೇದಕ್ಕೆ ಈಗ ಎರಡೂವರೆ ವರ್ಷ, ಕುಂಟ್ಕೊಂಡಾದ್ರೂ ಓಡ್ತಿದೆ.

ನನ್ನ ಕಯಾಕ್ ತೂಕ 36 ಕೆಜಿ ಅಂತ ಬರೆದಿದ್ರು. ಅದು ಬರೀ ಹಲ್, ಅಂದ್ರೆ ಖಾಲಿ ದೋಣಿ ಮೈಯ ತೂಕ ಅಂತ ಆಮೇಲೆ ಗೊತ್ತಾಯ್ತು. ಸೀಟು, ರಾಡುಗಳು, ಫಿಶ್ ಫೈಂಡರ್ ಬ್ಯಾಟರಿ, ಆಂಕರ್, ಐಸ್ ಬಾಕ್ಸು ಎಲ್ಲಾ ಹೇರಿದ್ಮೇಲೆ 50 ದಾಟ್ತು. ಕಾರ್ಟ್ ಮೇಲೆ 68 ಕೆಜಿ ತಡಿಯುತ್ತೆ ಅಂತ ಇತ್ತಲ್ಲ, ಸಾಕಪ್ಪ ಅಂತ ತಗೊಂಡೆ. ತಡೀತು, ಇಲ್ಲ ಅನ್ನಲ್ಲ. ಆದ್ರೆ ಎಳೆಯೋನು ನಾನಲ್ವಾ, ಆ ನಂಬರ್ ನನ್ನ ಸೊಂಟದ ಬಗ್ಗೆ ಏನೂ ಹೇಳಿರ್ಲಿಲ್ಲ.

ಆ ಮೊದಲನೇದು ಸ್ಕಪ್ಪರ್ ಕಾರ್ಟ್. ಕಯಾಕ್ ಮೇಲೆ ಬಿದ್ದ ನೀರು ಕೆಳಗೆ ಹರಿದು ಹೋಗೋಕೆ ತೂತುಗಳು ಇರ್ತವಲ್ಲ, ಅದರೊಳಗೆ ಎರಡು ಕಂಬಿ ತೂರಿಸಿ ನಿಲ್ಲಿಸೋದು. ಬೆಲ್ಟು ಬೇಡ, ಜಾರಲ್ಲ, ಎರಡು ನಿಮಿಷದ ಕೆಲಸ, ಅದೆಲ್ಲ ನಿಜಾನೇ. ಆದ್ರೆ ಒಬ್ಬನೇ ಇದ್ರೆ ಕಯಾಕನ್ನ ಪಕ್ಕಕ್ಕೆ ಮಲಗಿಸಿ, ಕಂಬಿ ತೂರಿಸಿ, ಆಮೇಲೆ ಎಬ್ಬಿಸಿ ನಿಲ್ಲಿಸ್ಬೇಕು, ಅಂದ್ರೆ ಹೇರಿರೋ ಸಾಮಾನೆಲ್ಲ ಮೊದ್ಲು ಇಳಿಸ್ಬೇಕು. ನನ್ನ ಕಾರ್ಟಲ್ಲಿ ಹಲ್‌ಗೆ ಕೆಳಗಿಂದ ಆನಿಕೆ ಕೊಡೋ ಪಟ್ಟಿ ಇರ್ಲಿಲ್ಲ, ಭಾರವೆಲ್ಲ ತೂತಿನ ಅಂಚಿನ ಮೇಲೇನೇ. ಕಲ್ಲುದಾರೀಲಿ ದಡಬಡ ಅಂತ ಎಳೀತಿದ್ದೆ. ಎಂಟನೇ ತಿಂಗಳಲ್ಲಿ ಒಂದಿನ ದಡಕ್ಕೆ ಬಂದು, ಹಲ್ ಒಳಗೆ ಸೇರಿದ ನೀರು ಬಿಡೋ ಡ್ರೈನ್ ಪ್ಲಗ್ ಬಿಚ್ಚಿದ್ರೆ ನೀರು ಸುರೀತಾನೇ ಇದೆ. ಟಾರ್ಚ್ ಹಾಕಿ ನೋಡಿದ್ರೆ ಬಲಗಡೆ ತೂತಿನ ಒಳಗೋಡೇಲಿ ಕೂದಲೆಳೆ ಬಿರುಕು. ಕಯಾಕ್ ಪ್ಲಾಸ್ಟಿಕ್ಕು ಪಾಲಿಎಥಿಲೀನ್, ಅದಕ್ಕೆ ಮಾಮೂಲಿ ಅಂಟು ಹಿಡಿಯಲ್ಲ, ಪ್ಲಾಸ್ಟಿಕ್ ವೆಲ್ಡಿಂಗೇ ಮಾಡಿಸ್ಬೇಕಾಯ್ತು.

ಎರಡನೇದು ಬೆಲ್ಟ್ ಕಟ್ಟೋ ತೊಟ್ಟಿಲು ಥರದ್ದು, ಸುಮಾರು 30 ಸೆಂಟಿಮೀಟರಿನ ಬಲೂನ್ ಟೈರು. ಮೆತ್ತನೆ ಮರಳಲ್ಲಿ ಇದಕ್ಕೂ ಹಳೇದಕ್ಕೂ ಹೋಲಿಕೆನೇ ಇಲ್ಲ. ಹಳೇ ಸಣ್ಣ ಚಕ್ರ ಮರಳನ್ನ ಚಾಕು ಥರ ಸೀಳ್ಕೊಂಡು ಒಳಗೆ ಹೋಗ್ತಿತ್ತು, ನಾನು ನೇಗಿಲು ಹೊಡ್ದಂಗೆ ಎಳೀತಿದ್ದೆ. ಇದು ಮೇಲೇ ತೇಲ್ಕೊಂಡು ಬರುತ್ತೆ. ಗುಟ್ಟು ಇರೋದು ಗಾಳೀಲಿ, ಕಮ್ಮಿ ಇರ್ಬೇಕು, 2ರಿಂದ 4 ಪಿಎಸ್‌ಐ ಸಾಕು. ಹೆಬ್ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗೋ ಹಂಗಿರ್ಲಿ. ಬಿಸಿಲಲ್ಲಿ ಕಾರೊಳಗೆ ಬಿಟ್ರೆ ಊದ್ಕೊಂಡು ಡೋಲು ಆಗಿರುತ್ತೆ, ಒಂಚೂರು ಗಾಳಿ ಬಿಟ್ಟೇ ಹೊರಡಿ. ಮುಳ್ಳಿರೋ ದಾರಿ ಆದ್ರೆ ಮಾತ್ರ ಇದರ ಸಹವಾಸ ಬೇಡ. ನಿಮ್ಮ ದಾರಿ ಪೂರ್ತಿ ಸಿಮೆಂಟು, ಡಾಂಬರು ಆದ್ರೂ ಬೇಡ, ಅಲ್ಲಿಗೆ ಪಂಕ್ಚರ್ ಆಗ್ದಿರೋ ಗಟ್ಟಿ ರಬ್ಬರ್ ಚಕ್ರವೇ ಸರಿ. ಕೊಳ್ಳೋ ಮುಂಚೆ ಕಾರ್ ನಿಲ್ಸೋ ಜಾಗದಿಂದ ನೀರಿನ ತನಕ ಒಂದ್ಸಲ ಸುಮ್ನೆ ನಡೆದು ನೋಡಿ, ಯಾವ ಚಕ್ರ ಬೇಕು ಅಂತ ಆ ದಾರೀನೇ ಹೇಳುತ್ತೆ.

ಇನ್ನು ಕಾರ್ಟನ್ನ ಎಲ್ಲಿ ಇಡೋದು ಅನ್ನೋದು. ಎತ್ತಿನ ಗಾಡಿ ಹೇರೋರಿಗೆ ಮುಂಭಾರ ಹಿಂಭಾರ ಅಂದ್ರೆ ಏನೂಂತ ಹೇಳಿಕೊಡ್ಬೇಕಿಲ್ಲ, ನಾನು ಕಲಿಯೋಕೆ ಆರು ತಿಂಗಳು ಬೇಕಾಯ್ತು. ಕಾರ್ಟನ್ನ ತೀರಾ ಹಿಂದಕ್ಕೆ ಕಟ್ತಿದ್ದೆ, ಮೂತಿ ಕೈಗೆ ಭಾರ. ಒಂದಿನ ಮನೇಲಿ ಎಲ್ಲಾ ಹೇರಿ ಮೂತಿ ಕೆಳಗೆ ತೂಕದ ಮೆಷಿನ್ ಇಟ್ಟು ನೋಡಿದೆ, 10 ಕೆಜಿ ತೋರಿಸ್ತು. ಕಾರ್ಟನ್ನ ಒಂದಡಿ ಮುಂದಕ್ಕೆ ತಂದೆ, ಅರ್ಧಕ್ಕರ್ಧ ಇಳೀತು. ಇನ್ನೂ ಮುಂದಕ್ಕೆ ತಂದ್ರೆ ಮೂಕಿ ಎದ್ದ ಗಾಡಿ ಥರ ಹಿಂದಕ್ಕೆ ಕೂತ್ಕೊಳ್ಳುತ್ತೆ, ಏತದಾಟ. ಈಗ ಹಲ್ ಪಕ್ಕಕ್ಕೆ ಮಾರ್ಕರಲ್ಲಿ ಗೆರೆ ಎಳೆದಿಟ್ಟಿದೀನಿ, ಕತ್ತಲಲ್ಲಿ ಬಂದ್ರೂ ಅಲ್ಲಿಗೇ ಕಟ್ಟೋದು. ಸ್ಕಪ್ಪರ್ ಕಾರ್ಟಲ್ಲಿ ಈ ಹೊಂದಾಣಿಕೆಗೆ ದಾರೀನೇ ಇಲ್ಲ, ತೂತು ಎಲ್ಲಿದ್ಯೋ ಚಕ್ರ ಅಲ್ಲೇ.

ಬೆಲ್ಟ್ ಕಾರ್ಟಿಗೆ ಒಂದು ಕೆಟ್ಟ ಚಾಳಿ ಇದೆ, ಒಂದು ಕಲ್ಲೋ ಬೇರೋ ಸಿಕ್ರೆ ಚಕ್ರ ಅಲ್ಲೇ ನಿಲ್ಲುತ್ತೆ, ಕಯಾಕ್ ಮಾತ್ರ ನಮ್ಜೊತೆ ಮುಂದೆ ಬರುತ್ತೆ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅಂತಾರಲ್ಲ ಹಂಗೆ. ಅದಕ್ಕೇಂತ ರ‍್ಯಾಚೆಟ್ ಬೆಲ್ಟ್ (ಹಿಡಿ ಆಡಿಸಿ ಹಲ್ಲುಹಲ್ಲಾಗಿ ಬಿಗಿಯೋದು) ಹಾಕಿ ಬಿಗಿದ್ರೆ ಹಲ್ ತಗ್ಗು ಬೀಳುತ್ತೆ, ಬಿಸಿಲಲ್ಲಿ ಇನ್ನೂ ಬೇಗ. ಕೈಯಲ್ಲಿ ಎಳೆದು ಬಿಗಿಯೋ ಮಾಮೂಲಿ ಕ್ಯಾಮ್ ಬಕಲ್ ಬೆಲ್ಟೇ ಸಾಕು. ಜೊತೆಗೆ ಕಾರ್ಟ್ ಫ್ರೇಮಿಂದ ಮುಂದಿನ ಹಿಡಿಕೆಗೆ ಒಂದು ಹಗ್ಗ ಎಳೆದು ಕಟ್ಟಿ, ಆಮೇಲೆ ಅದು ಹಿಂದಕ್ಕೆ ಜಾರಲ್ಲ.

ತುಕ್ಕಿನ ವಿಷಯ. ಫ್ರೇಮ್ ಅಲ್ಯೂಮಿನಿಯಂ, ಬೋಲ್ಟು ಸ್ಟೇನ್‌ಲೆಸ್. ಎರಡೂ ಚೆನ್ನಾಗಿವೆ ಅನ್ಕೊಂಡಿದ್ದೆ, ಆದ್ರೆ ಉಪ್ಪುನೀರಲ್ಲಿ ಈ ಎರಡು ಲೋಹ ಒಂದಕ್ಕೊಂದು ತಾಗಿದ ಜಾಗದಲ್ಲೇ ಅಲ್ಯೂಮಿನಿಯಂ ಬಿಳಿ ಪುಡಿ ಪುಡಿಯಾಗಿ ತಿಂದೋಗುತ್ತೆ. ಮಧ್ಯ ನೈಲಾನ್ ವಾಷರ್ ಹಾಕ್ದೆ, ಪ್ರತೀ ಸಲ ಸಿಹಿನೀರಲ್ಲಿ ತೊಳೀತೀನಿ, ಈಗ ನಿಂತಿದೆ. ಆಕ್ಸಲ್‌ಗೆ ಗ್ರೀಸ್ ಹಾಕಿ ಪಶ್ಚಾತ್ತಾಪ ಪಟ್ಟೆ, ಗಾಡಿ ಚಕ್ರಕ್ಕೆ ಕೀಲೆಣ್ಣೆ ಇದ್ದಂಗೆ ಅನ್ಕೊಂಡೆ, ಮರಳು ಅದಕ್ಕೆ ಅಂಟಿ ಉಪ್ಪುಕಾಗದ ಥರ ಬುಶ್ (ಆಕ್ಸಲ್ ಸುತ್ತ ಚಕ್ರದೊಳಗೆ ಇರೋ ಕೊಳವೆ) ಸವೆಸ್ಬಿಡ್ತು. ಎಡಗಡೆ ಚಕ್ರ ಈಗ್ಲೂ ಸ್ವಲ್ಪ ಅಲ್ಲಾಡುತ್ತೆ.

ಸಣ್ಣಪುಟ್ಟ ದೂರು: ಫೋಮ್ ಪಟ್ಟಿ ಮೂರನೇ ತಿಂಗಳಿಗೇ ಕಿತ್ಕೊಂಡು ಬಂತು. ಸ್ಟ್ಯಾಂಡು ಮರಳಲ್ಲಿ ಹೂತೋಗುತ್ತೆ. ನೀರಿಗೆ ಇಳಿದ್ಮೇಲೆ ಈ ದಪ್ಪ ಚಕ್ರಗಳನ್ನ ಇಡೋಕೆ ಜಾಗ ಸಿಗಲ್ಲ, ಹ್ಯಾಚಲ್ಲಿ (ಹಲ್ ಒಳಗೆ ಸಾಮಾನು ಇಡೋ ಮುಚ್ಚಳದ ಬಾಯಿ) ತೂರಲ್ಲ, ಹಿಂದೆ ಕ್ರೇಟ್ ಇಡೋ ಜಾಗವೆಲ್ಲ ಇವಕ್ಕೇ ಹೋಗುತ್ತೆ.

ಕೊನೇದಾಗಿ ಆ ಪಿನ್ನು, ಅದೇ ಚಕ್ರ ಕಳಚದೇ ಇರೋಕೆ ಹಾಕೋ ಕಡಾಣಿ. ನೋಡೋಕೆ ಬೆರಳುದ್ದ ಇಲ್ಲ. ಒಂದ್ಸಲ ವಾಪಸ್ ಬರುವಾಗ ಅರ್ಧ ದಾರೀಲಿ ಎಲ್ಲೋ ಬಿದ್ದೋಯ್ತು, ಚಕ್ರ ಅದರ ಪಾಡಿಗೆ ಉರುಳ್ಕೊಂಡು ನೀರಿನ ಕಡೆ ಹೊರಟಿತು. ಗಾಳದ ದಾರಾನೇ ಆಕ್ಸಲ್ ತೂತಲ್ಲಿ ತೂರಿಸಿ ಹತ್ತು ಗಂಟು ಹಾಕಿ ಮನೆ ಸೇರ್ದೆ. ಆಮೇಲೆ ಎರಡು ಪಿನ್ನಿಗೂ ದಾರ ಕಟ್ಟಿ ಫ್ರೇಮಿಗೆ ಬಿಗಿದಿದೀನಿ, ಇನ್ನೆರಡು ಗಾಳದ ಸಾಮಾನಿನ ಟ್ಯಾಕಲ್ ಬಾಕ್ಸಲ್ಲಿ ಇರುತ್ತೆ. ಹೋದ ತಿಂಗಳು ಮತ್ತೆ ಒಂದು ಹೋಯ್ತು, ಆದ್ರೆ ಅವತ್ತು ದಾರ ಬಿಚ್ಚಿಟ್ಟಿದ್ದು ನಾನೇ, ಕಾರ್ಟ್ ಮೇಲೆ ತಪ್ಪು ಹಾಕಲ್ಲ.